ನಿನ್ನ ತಿಥಿಯ ದಿನ ನಿಂತುಹೋದ ಕ್ಷೌರ

ಪ್ರೀತಿಯ ದೊಡ್ಡಪ್ಪ,

ಮೊನ್ನೆ ಊರಿಗೆ ಹೋದಾಗ ದೊಡ್ಡಮ್ಮ ಪಡಸಾಲೆಯಲ್ಲಿ ಕೂತು ನಿನ್ನ ಬಾಚಣಿಗೆಯಲ್ಲಿ ತನ್ನ ತಲೆ ಬಾಚಿಕೊಳ್ಳುತ್ತಿದ್ದಳು. "ಹಲ್ಲು ಅಗಲ ಐತೆ ಕಣೇ, ಸಿಕ್ಕು ಚೆನ್ನಾಗಿ ಬಿಡಿಸ್ತದೆ" ಎಂದಳು. ಅಳಲಿಲ್ಲ. ನೀನು ಹೋಗಿ ವರ್ಷ ತುಂಬುತ್ತ ಬಂತು. ನಿನ್ನ ತಿಥಿಯ ದಿನ ಕೆರೆ ಹತ್ತಿರ ಏನು ನಡೆಯಿತು ಎಂದು ನಿನಗೆ ಹೇಳಿದವರು ಯಾರು? ಊರೆಲ್ಲ ಇತ್ತು, ನೀನೊಬ್ಬ ಇರಲಿಲ್ಲ. ನೋಡಬೇಕಾಗಿದ್ದವನು ನೀನೊಬ್ಬನೇ ಆಗಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದ ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ನನ್ನನ್ನು ತರೀಕೆರೆಯ ಬಸ್ಸು ಹತ್ತಿಸಲು ನೀನು ರಸ್ತೆಗೆ ಬಂದಿದ್ದೆ. ತೋಟದ ಮೋಟಾರು ಕೆಟ್ಟಾಗಲೆಲ್ಲ ಬಂದು ಸರಿ ಮಾಡಿಕೊಡುವ ರಂಗಸ್ವಾಮಿ, ಕಾಲೋನಿಯವನು, ಕಡೂರಿನ ಬಸ್ಸಿಗೆ ಕಾಯುತ್ತಿದ್ದ.

"ಏನೋ ರಂಗ, ಎಲ್ಲಿಗೆ ಸವಾರಿ?"

"ಕಟಿಂಗ್‌ಗೆ ಗೌಡ್ರೇ."

"ಕಟಿಂಗ್‌ಗೆ ಕಡೂರಿಗಾ? ಏನ್ ಸ್ಟೈಲಪ್ಪಾ ನಿಂದು! ನಮ್ ತಿಮ್ಮಯ್ಯನ ಕೈ ಹಿಡಿಸಲ್ವಾ?"

"ನಂಗೆ ಹಿಡಿಸ್ತದೆ ಗೌಡ್ರೇ. ಊರ್ಗೆ ಹಿಡಿಸಲ್ಲ."

ನಿನ್ನ ನಗು ಅಲ್ಲೇ ನಿಂತುಹೋಯಿತು. ನಮ್ಮೂರಿಗೆ ಇರುವುದೊಂದೇ ಕ್ಷೌರದಂಗಡಿ, ತಿಮ್ಮಯ್ಯನದು. ಕಾಲೋನಿಯ ದಲಿತರನ್ನು ಅಲ್ಲಿ ಕೂರಿಸಿಕೊಳ್ಳುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಯಾರಿಗೂ ಗೊತ್ತಿಲ್ಲದೆಯೂ ಇರಲಿಲ್ಲ. ಅವರು ಬಸ್ಸು ಹತ್ತುತ್ತಿದ್ದರು, ಅಷ್ಟೆ. ನನ್ನ ಬಸ್ಸು ಬಂತು. ಆಮೇಲೆ ನನ್ನ ಬ್ಯಾಗು ಮೇಲಕ್ಕೆ ಕೊಡುತ್ತ ಒಂದೇ ಮಾತು ಹೇಳಿದೆ: "ಹುಡುಗನಾಗಿದ್ದಾಗಿಂದ ಆ ಅಂಗ್ಡೀಲಿ ಕೂತಿದೀನಿ ಕಣವ್ವಾ. ಬೆಂಚಿನ ಮೇಲೆ ಯಾರಿಲ್ಲ ಅಂತ ಒಂದಿನಾನೂ ನೋಡ್ಲಿಲ್ಲ. ಕನ್ನಡೀನೇ ನೋಡ್ಕೊಂಡು ಕೂತಿದ್ದೆ."

ತಿಮ್ಮಯ್ಯನ ಅಂಗಡಿಗೆ ಹೋಗಿ ಜಗಳ ತೆಗೆದ ಕಥೆಯನ್ನು ನೀನೇ ಫೋನಿನಲ್ಲಿ ಹೇಳಿದ್ದೆ. ರಂಗ ಬಂದರೆ ನಾಳೆಯಿಂದ ಕೂರಿಸಿಕೊ ಎಂದು ಜೋರು ಮಾಡಿದೆಯಂತೆ. ಅವನು ಕತ್ತರಿ ಕೆಳಗಿಟ್ಟು ಹೇಳಿದನಂತೆ: "ಕೂರಿಸ್ಕೋತೀನಿ ಗೌಡ್ರೇ. ಮಾರ್ನೇ ದಿನ ಈ ಬೆಂಚಲ್ಲಿ ಕೂರೋರು ಯಾರು? ನೀವೊಬ್ರೇ. ತಿಂಗ್ಳಿಗೊಂದ್ಸಲ ನಿಮ್ಮೊಬ್ರ ತಲೆ ಕೆರೆದ್ರೆ ನನ್ ಮಕ್ಳು ಉಣ್ತವಾ? ಬೆಳಿಗ್ಗೆದ್ದು ನನ್ ಮುಖ ಕಂಡ್ರೆ ಕೆಲ್ಸ ಕೆಡ್ತದೆ ಅಂತ ದಾರಿ ಬದ್ಲಾಯಿಸೋರೂ ಇದೇ ಊರೋರೇ ಅಲ್ವಾ?" ಹೇಳುತ್ತ ಹೇಳುತ್ತ ನಿನ್ನ ದನಿ ತಗ್ಗಿತ್ತು. ಜಗಳಕ್ಕೆ ಹೋದವನು ಸೋತು ಬಂದಿದ್ದೆ. ಅದು ಸೋಲಾಗಿತ್ತಾ, ಅಥವಾ...

ನಾನು ಓದಿದವಳು. ಇದು ಕಾನೂನಿಗೆ ವಿರುದ್ಧ, ದೂರು ಕೊಡೋಣ ಎಂದೆ. ನೀನು ಬೇಡವೆನ್ನಲಿಲ್ಲ. "ಕೊಡು. ಆದ್ರೆ ಕೇಸು ಬೀಳೋದು ಯಾರ ಮೇಲೆ ಹೇಳು? ಕತ್ತರಿ ಹಿಡಿದೋನ ಮೇಲೆ. ಕತ್ತರಿ ಆಡಿಸ್ಬ್ಯಾಡ ಅಂದೋರು ಜಗಲೀಲಿ ಕೂತಿರ್ತಾರೆ" ಎಂದೆ. ರಂಗಸ್ವಾಮಿಯೂ ನಾನೂ ಸೇರಿ ಅರ್ಜಿ ಕೊಟ್ಟೆವು. ಅಧಿಕಾರಿಗಳು ಬಂದು ಸಭೆ ಮಾಡಿದರು. ನಮ್ಮ ಹಿರಿಯರೆಲ್ಲ ಕೈ ಮುಗಿದು "ನಮ್ಮೂರಲ್ಲಿ ಹಂಗೇನೂ ಇಲ್ಲ ಸ್ವಾಮಿ, ಅಣ್ಣತಮ್ಮಂದಿರ ಥರ ಇದೀವಿ" ಎಂದರು. ಮಾರನೆಯ ದಿನದಿಂದ ಅಂಗಡಿಗೆ ಬೀಗ. ಹೆಂಚು ರಿಪೇರಿಯಂತೆ! ಎಲ್ಲ ತಣ್ಣಗಾದ ಮೇಲೆ ಬಾಗಿಲು ತೆರೆಯಿತು. ಬೆಂಚು ಮೊದಲಿನ ಹಾಗೇ ಇತ್ತು. ಆವತ್ತು ನೀನು ಅಂಗಡಿ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ಊರೋರ ಎಲ್ರ ತಲೆಗೂ ಈ ಕತ್ತರಿ ಬೀಳೋ ತನಕ ನನ್ ತಲೆಗೂ ಬ್ಯಾಡ" ಎಂದು ಹೇಳಿ ಮನೆಗೆ ಬಂದೆ.

ನಿನ್ನ ಕೂದಲು ಕಿವಿ ಮುಚ್ಚಿದಾಗ ಊರು ನಕ್ಕಿತು, ಹೆಗಲು ಮುಟ್ಟಿದಾಗ ಸುಮ್ಮನಾಯಿತು. "ಬನ್ನಿ ಇಲ್ಲಿ, ಎಳ್ಡು ಜಡೆ ಹಾಕ್ತೀನಿ, ಟೇಪು ಕೆಂಪುದ್ದು ಬೇಕೋ ಹಸ್ರುದ್ದು ಬೇಕೋ?" ಎಂದು ದೊಡ್ಡಮ್ಮ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಕರೆಯುತ್ತಿದ್ದಳು. ಅಜ್ಜಂಪುರದ ಮದುವೆಯೊಂದರಲ್ಲಿ ಹೆಣ್ಣಿನ ಕಡೆಯವರು ನಿನ್ನನ್ನು ನಾಟಕದ ಮೇಷ್ಟ್ರು ಎಂದುಕೊಂಡು ಹಾರ್ಮೋನಿಯಂ ಎಲ್ಲಿ ಎಂದು ಕೇಳಿದ್ದು ಮರೆತಿದ್ದೀಯಾ? ನೀನು ಬೇಸರಪಡಲಿಲ್ಲ. ಊಟದ ಪಂಕ್ತಿಯಲ್ಲಿ ಕೂತು ಅವರಿಗೆ ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಿದೆ. ದೇವನೂರು, ಸಖರಾಯಪಟ್ಟಣ, ಎಲ್ಲಿ ಹೋದರೂ ಇದೇ. ಯಾಕೆ ಕೂದಲು ಬಿಟ್ಟಿದ್ದೀರಿ ಎಂದು ಕೇಳಲಿ ಎಂದೇ ಬಿಟ್ಟಿದ್ದೆ, ಅಲ್ಲವಾ? ಮಾತಾಡಲು ಎಲ್ಲರೂ ಬಾಯಿ ತೆರೆಯುತ್ತಾರೆ. ನೀನು ತಲೆಗೂದಲು ಬೆಳೆಸಿದೆ.

ನನ್ನ ತಮ್ಮ ಲೋಕೇಶನ ಮುಖ ಆಗೆಲ್ಲ ಕೆಂಪಾಗುತ್ತಿತ್ತು. ನಿನಗೆ ಮಕ್ಕಳಿಲ್ಲವೆಂದು ಅವನನ್ನು ಮಗನ ಹಾಗೆ ಸಾಕಿದೆ. ಅವನೋ, "ದೊಡ್ಡಪ್ಪನ ಜೊತೆ ಸಂತೇಗ್ ಹೋಗಕ್ಕಾಗಲ್ಲ ಕಣಕ್ಕ, ಎಲ್ರೂ ತಿರುಗಿ ನೋಡ್ತಾರೆ" ಎಂದು ನನ್ನ ಹತ್ತಿರ ದೂರುತ್ತಿದ್ದ. ನಿನ್ನೆದುರು ಒಂದು ಮಾತೂ ಆಡಲಿಲ್ಲ. ಯಾರೆದುರೂ ಆಡುತ್ತಿರಲಿಲ್ಲ ಅನ್ನು. ನೀನು ಹೋದಾಗ ನಿನ್ನ ಕೂದಲು ಬೆನ್ನಿನ ಮೇಲಿತ್ತು. ದೊಡ್ಡಮ್ಮ ಬಾಚಿ, ಗಂಟು ಹಾಕಿ, ಹೂವು ಮುಡಿಸಿ ಕಳಿಸಿದಳು. ನಿನ್ನ ಮಾತು ನಿನ್ನ ಜೊತೆಗೇ ಹೋಯಿತು ಎಂದು ನನಗೆ ಆವತ್ತು ಅನ್ನಿಸಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ದಾಯಾದಿಗಳೆಲ್ಲ ತಲೆ ಬೋಳಿಸಿಕೊಳ್ಳಲು ಕೆರೆಯ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತಿದ್ದರು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ಲೋಕೇಶನಿಗೆ ಹೊಸ ಪಂಚೆ ಕೊಡುವುದಿತ್ತು ಎಂದು ನಾನು ಏರಿಯ ಮೇಲೆ ನಿಂತಿದ್ದೆ. ಕರ್ಮ ಮಾಡುವವನು ಅವನು, ಆದ್ದರಿಂದ ತಿಮ್ಮಯ್ಯನ ಕತ್ತಿ ಮೊದಲು ಅವನ ತಲೆಗೆ. ಅರ್ಧ ತಲೆ ಆಗಿತ್ತು. ಆಗ ರಂಗಸ್ವಾಮಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಸಾಲಿನ ಕೊನೆಯಲ್ಲಿ ಕೂತ.

ನಮ್ಮ ಚಿಕ್ಕಪ್ಪನ ಮಗ ಪರಮೇಶಿಯ ಬಾಯಿ ನಿನಗೆ ಗೊತ್ತಲ್ಲ. "ಲೇ ರಂಗ, ಸೂತಕ ನಮ್ದು ಕಣೋ. ನಿಂದ್ಯಾವ ಸೂತಕ?"

"ಗೌಡ್ರು ತಲೆಕೂದ್ಲು ಬಿಟ್ಟಿದ್ದು ನಮ್ ದೆಸೆಯಿಂದ. ಅವ್ರಿಗೋಸ್ಕರ ನಾನು ತಲೆ ಬೋಳಿಸ್ಕೊಳ್ದಿದ್ರೆ ಹೆಂಗಣ್ಣ? ತಿಮ್ಮಣ್ಣ, ಎಲ್ರದೂ ಆಗ್ಲಿ. ಕೊನೇಗೆ ನಂದೊಂದು."

ತಿಮ್ಮಯ್ಯನ ಕೈ ಲೋಕೇಶನ ತಲೆಯ ಮೇಲೆ ಹಾಗೇ ನಿಂತಿತು. ದಾಯಾದಿಗಳಲ್ಲಿ ಎಲ್ಲರಿಗಿಂತ ಹಿರಿಯನಾದ ಕೆಂಚಪ್ಪಜ್ಜ ಕೋಲು ಊರಿಕೊಂಡು ಎದ್ದ. "ತಿಮ್ಮ, ಆ ಕತ್ತಿ ಅವ್ನ ತಲೆಗೆ ಹೋಯ್ತು ಅಂದ್ರೆ ನಾಳೆಯಿಂದ ನಮ್ಮೋರ್ಯಾರೂ ನಿನ್ ಅಂಗ್ಡಿ ಮೆಟ್ಲು ಹತ್ತಲ್ಲ, ತಿಳ್ಕೊ."

"ಗಲಾಟೆ ಬ್ಯಾಡ ಬಿಡ್ರಿ, ಕಡೂರ್ಗೆ ಹೋಯ್ತೀನಿ" ಎಂದು ರಂಗಸ್ವಾಮಿ ಏಳಹೊರಟ. ಅಷ್ಟರಲ್ಲಿ ಎದ್ದು ನಿಂತವನು ಯಾರು ಹೇಳು? ನಮ್ಮ ಲೋಕೇಶ! ಒಂದು ಕಡೆ ಬೋಳು, ಒಂದು ಕಡೆ ಕಪ್ಪು ಪೊದೆ, ಕುತ್ತಿಗೆ ಮೇಲೆ ನೀರು ಇಳಿಯುತ್ತಿದೆ.

"ಕೂತ್ಕೋ ರಂಗಣ್ಣ. ತಿಮ್ಮಣ್ಣ, ಮೊದ್ಲು ಅವ್ನಿಗೆ ಮಾಡು. ಆಮೇಲೆ ನನ್ ಇನ್ನರ್ಧ."

"ಅರ್ಧ ತಲೇಲಿ ಎದ್ದೇಳ್ತಾರೇನೋ? ಕರ್ಮ ಕೆಡ್ತದೆ ಕಣೋ!"

"ಕೆಟ್ರೆ ಕೆಡ್ಲಿ ಕೆಂಚಪ್ಪಜ್ಜ. ಹಿಂಗೇ ಇರ್ತೀನಿ. ದೊಡ್ಡಪ್ಪ ಇರ್ಲಿಲ್ವಾ?"

ಅವನಿಗೆ ಅದು ತಾನಾಗಿ ಹೊಳೆಯಿತೋ, ನೀನೇ ಹೊಳೆಯಿಸಿದೆಯೋ. ಕರ್ಮ ಮಾಡುವವನ ತಲೆ ಪೂರ್ತಿಯಾಗದೆ ಅವನು ಮುಳುಗು ಹಾಕುವಂತಿಲ್ಲ. ಮುಳುಗದೆ ಪಿಂಡವಿಲ್ಲ. ಪಿಂಡವಾಗದೆ ಮನೆಯಲ್ಲಿ ಎಲೆ ಹಾಕುವಂತಿಲ್ಲ. ಇಡೀ ಊರಿನ ಊಟ ಲೋಕೇಶನ ಅರ್ಧ ತಲೆಯಲ್ಲಿ ಸಿಕ್ಕಿಕೊಂಡಿತು. ಪುರೋಹಿತರು ವಾಚು ನೋಡಿಕೊಂಡು, "ಚೌಳಹಿರಿಯೂರಲ್ಲಿ ಇನ್ನೊಂದು ತಿಥಿ ಒಪ್ಪಿಕೊಂಡಿದ್ದೇನೆ, ಏನಾದರೊಂದು ಮಾಡ್ರಪ್ಪ" ಎಂದರು. ಮನೆಯಿಂದ ಯಾರೋ ಫೋನು ಮಾಡಿ, ಪಾಯಸ ಗಟ್ಟಿಯಾಗುತ್ತಿದೆ, ಏನು ತಡ ಎಂದು ಕೇಳಿದರು. ಲೋಕೇಶ ಕೈ ಕಟ್ಟಿ ನಿಂತೇ ಇದ್ದ.

ತಿಮ್ಮಯ್ಯ ಕತ್ತಿಯನ್ನು ಒರೆಸಿಕೊಂಡ. "ಮಾಡ್ತೀನಿ ಕಣ್ರೀ, ನಂದೇನೂ ಅಡ್ಡಿ ಇಲ್ಲ. ನಾಳೆ ನನ್ ಅಂಗ್ಡಿಗೆ ಯಾರ್ ಬತ್ತೀರಿ? ಅದನ್ನ ಈಗ್ಲೇ ಹೇಳ್ಬಿಡಿ."

ಕೂತವರು ತಲೆ ಬಗ್ಗಿಸಿ ಟವೆಲ್ ಸರಿಮಾಡಿಕೊಂಡರು. ಅರ್ಜಿಯಲ್ಲಿ ನಾನು ಸಮಾನತೆ ಎಂದು ಬರೆದಿದ್ದೆ, ಕೆಳಗೆ ಗೆರೆ ಕೂಡ ಎಳೆದಿದ್ದೆ. ಆ ಹೊತ್ತಿನಲ್ಲಿ ಆ ಪದದಿಂದ ಏನಾಗುತ್ತಿತ್ತು? ಕವಿತೆಯ ಒಳ್ಳೆಯ ಸಾಲುಗಳೆಲ್ಲ ಬಾಯಿಪಾಠ ನನಗೆ, ಒಂದೂ ನೆನಪಾಗಲಿಲ್ಲ. ಏರಿ ಇಳಿದು ಹೋದೆ. ತಿಮ್ಮಯ್ಯ ಕೇಳಿದ್ದನ್ನೇ ಒಬ್ಬೊಬ್ಬರ ಮುಖ ನೋಡಿ ಕೇಳಿದರಾಯಿತು ಅನ್ನಿಸಿತು.

"ಪರಮೇಶಿ, ನೀನು ಬತ್ತೀಯಾ?"

"ನನ್ನನ್ಯಾಕಕ್ಕ ಮೊದ್ಲು ಕೇಳ್ತೀಯಾ?"

"ಮೊದ್ಲು ಬಾಯಿ ಹಾಕಿದ್ದು ನೀನೇ ಅಲ್ವೇನೋ. ಬತ್ತೀಯಾ, ಇಲ್ವಾ?"

ಅವನು ಕೆಂಚಪ್ಪಜ್ಜನನ್ನು ನೋಡಿದ, ರಂಗಸ್ವಾಮಿಯನ್ನು ನೋಡಿದ. ಆಮೇಲೆ ಲೋಕೇಶನ ತಲೆ ನೋಡಿದವನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಆ ತಲೆ ನೋಡಕ್ಕಾಗಲ್ಲ ಕಣಕ್ಕ! ಬತ್ತೀನಿ. ಬತ್ತೀನಿ ಕಣೋ ತಿಮ್ಮ, ಮಾಡತ್ಲಾಗೆ."

ಸಾಲಿನಲ್ಲಿದ್ದ ಉಳಿದವರನ್ನೂ ಕೇಳಿದೆ. ಅಣ್ಣ, ನೀನು? ಚಿಕ್ಕಪ್ಪ, ನೀನು? ಕೆಲವರು ಹೂಂ ಎಂದರು, ಕೆಲವರು ನೀರು ನೋಡುತ್ತ ಕೂತರು. ಕೆಂಚಪ್ಪಜ್ಜ ಕೋಲು ಊರುತ್ತ ಏರಿ ಹತ್ತಿ ಹೋದ. ಅವನ ಹಿಂದೆ ಮೂರುನಾಲ್ಕು ಮಂದಿ. ನಿನ್ನ ತಿಥಿಯ ಊಟ ಮಾಡದೆ ಹೋದವರ ಬಗ್ಗೆ ನಿನಗೆ ಸಂಕಟವಾಗುತ್ತದೆ, ಗೊತ್ತು. ನನಗೂ ಆಯಿತು. ಆದರೆ ಅವರ ಊಟಕ್ಕಾಗಿ ರಂಗಸ್ವಾಮಿಯನ್ನು ಎಬ್ಬಿಸಬೇಕಿತ್ತಾ?

ತಿಮ್ಮಯ್ಯ ಅವನ ತಲೆಗೆ ನೀರು ಹಾಕಿ ಉಜ್ಜಿದ. ಒಂದೇ ಊರು, ಹೆಚ್ಚುಕಡಿಮೆ ಒಂದೇ ವಯಸ್ಸು. ಆ ಕೈ ಆ ತಲೆಯನ್ನು ಮುಟ್ಟಿದ್ದು ಅದೇ ಮೊದಲು. ರಂಗಸ್ವಾಮಿ ಕಣ್ಣು ಮುಚ್ಚಿಕೊಂಡ. ಹಿಂಬದಿಗೆ ಕತ್ತಿ ಬಂದಾಗ ತಿಮ್ಮಯ್ಯ ನಿಂತು ಬಗ್ಗಿ ನೋಡಿದ.

"ಎಳ್ಡು ಸುಳಿ ಅದಾವಲ್ಲೋ ನಿಂಗೆ! ಎಳ್ಡು ಮದ್ವೆ ಆಗ್ಬೇಕಿತ್ತು."

"ಒಂದ್ರಲ್ಲೇ ಸಾಕಾಗೈತೆ ತಿಮ್ಮಣ್ಣ, ನೀನು ಕೆರಿ."

ಸೂತಕದ ಮನೆಯವರೆಲ್ಲ ನಕ್ಕುಬಿಟ್ಟೆವು. ಪುರೋಹಿತರೂ ನಕ್ಕರು. ಆಮೇಲೆ ಲೋಕೇಶನ ಇನ್ನರ್ಧ ಆಯಿತು, ಮುಳುಗಾಯಿತು, ನಿನಗೆ ಪಿಂಡವಾಯಿತು. ದೊಡ್ಡಮ್ಮನಿಗೆ ಹೇಳಿದಾಗ ಅವಳು ತುಂಬ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು. "ಇನ್ನೊಂದೀಟು ದಿನ ಇದ್ದಿದ್ರೆ..." ಎಂದಳು.

ಅದರ ಮುಂದಿನ ವಾರಗಳು ಸುಲಭವಿರಲಿಲ್ಲ. ಹೂಂ ಎಂದವರಲ್ಲೂ ಕೆಲವರು ಬರಲಿಲ್ಲ, ತಿಮ್ಮಯ್ಯನ ಬೆಂಚು ಖಾಲಿ. ಆಗ ನಿನ್ನ ಲೋಕೇಶ ಪ್ರತಿ ಭಾನುವಾರ ಬೋಳು ತಲೆಯಲ್ಲೇ ಕ್ಷೌರದಂಗಡಿಗೆ ಹೋಗಿ ಪೇಪರು ಓದುತ್ತ ಕೂತ! ನೋಡಿದವರು ನಕ್ಕರು. ನಗಲು ಬಂದವರು ಕೂತರು. ಕೂತವರಲ್ಲಿ ಒಬ್ಬಿಬ್ಬರು ಗಡ್ಡ ಮಾಡಿಸಿಕೊಂಡು ಹೋದರು. ಹೀಗೇ ಹೊಲಿಗೆ ಹಾಕಿದ ಹಾಗೆ ದಿನಗಳು ಕೂಡಿಕೊಂಡವು. ಕೆಂಚಪ್ಪಜ್ಜ ಈಗ ಕಟಿಂಗಿಗೆ ಕಡೂರಿನ ಬಸ್ಸು ಹತ್ತುತ್ತಾನೆ. ಅಲ್ಲಿ ಪಕ್ಕದ ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ಅವನೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಎಲ್ಲವೂ ಸರಿಹೋಯಿತು ಎಂದು ನಿನಗೆ ಸುಳ್ಳು ಹೇಳಲಾರೆ. ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಕಾಲೋನಿಯವರಿಗೆ ಇನ್ನೂ ಕಾಗದದ ಲೋಟ, ನಮಗೆ ಗಾಜಿನದು. ಮುಂದಿನ ಭಾನುವಾರ ಲೋಕೇಶ, ರಂಗಸ್ವಾಮಿ, ನಾನು ಒಟ್ಟಿಗೆ ಹೋಗಿ ಮೂರು ಗಾಜಿನ ಲೋಟ ಕೇಳುತ್ತೇವೆ. ಏನಾಯಿತೆಂದು ತಿಳಿಸುತ್ತೇನೆ.

ಮೊನ್ನೆ ಊರಿಂದ ಹೊರಡುವಾಗ ತಿಮ್ಮಯ್ಯನ ಅಂಗಡಿಯೊಳಗೆ ಜೋರು ಗಲಾಟೆ. ಮತ್ತೆ ಶುರುವಾಯಿತಾ ಎಂದು ಓಡಿದೆ. ರಂಗಸ್ವಾಮಿ ಪರಮೇಶಿಯ ತೋಳು ಹಿಡಿದು ಕುರ್ಚಿಯಿಂದ ಎಬ್ಬಿಸುತ್ತಿದ್ದ.

"ಏಳೋ ಮ್ಯಾಕೆ! ನಾನು ಬಂದು ಕೂತು ಎಷ್ಟೊತ್ತಾಯ್ತು, ಟೀ ಕುಡ್ದು ಬರೋದ್ರೊಳ್ಗೆ ನುಗ್ಗಿದೀಯಾ?"

"ಎದ್ಹೋದೋನ್ದು ಸರದಿ ಹೋಯ್ತು ಕಣೋ ರಂಗ! ನಂಗೆ ಮದ್ವೆಗೆ ಟೈಮಾಯ್ತು!"

"ನಿನ್ ಮದ್ವೇನಾ? ಅಲ್ವಲ್ಲ. ಏಳು!"

ತಿಮ್ಮಯ್ಯ ಕತ್ತರಿ ಹಿಡಿದು ನನ್ನತ್ತ ನೋಡಿ, "ನೋಡವ್ವಾ, ಇವ್ರಿಬ್ರ ಪಂಚಾಯ್ತಿ ಮಾಡೋದೇ ನನ್ ಕೆಲ್ಸ ಆಗೋಯ್ತು" ಎಂದ. ಬೆಂಚಿನ ಮೇಲಿದ್ದವರು ಇಬ್ಬರನ್ನೂ ಬಯ್ಯುತ್ತಿದ್ದರು. ಪರಮೇಶಿ ಗೊಣಗುತ್ತ ಎದ್ದು ಬೆಂಚಿಗೆ ಹೋದ, ರಂಗಸ್ವಾಮಿ ಕುರ್ಚಿಯಲ್ಲಿ ಕಾಲು ಚಾಚಿ ಕೂತ, ಮತ್ತು ಬೀದಿಯಲ್ಲಿ ಹೋಗುತ್ತಿದ್ದ ಯಾರೊಬ್ಬರೂ ನಿಂತು ಒಳಗೆ ನೋಡಲಿಲ್ಲ.

ನಿನ್ನ ಮಗಳು