ನಾಲ್ಕನೇ ಲೈನಿನ ಹೇನು

ನವೆಂಬರ್ 3, 2008

ನಾಲ್ಕನೇ ಲೈನ್ ಹೋಗಿ ಎಂಟು ತಿಂಗಳಾಯಿತು. ಈಗ ಆ ಪಂಜರದಲ್ಲಿರುವುದು ಬೇರೆ ಹೇನು. ಯಾರಿಗೂ ಹೇಳಿಲ್ಲ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೆ. ಇದೊಂದನ್ನು ಮಾತ್ರ ಮುಚ್ಚಿಟ್ಟೆ.

ಕೆಂಗೇರಿ ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ — ಅವರೆ ಸಸಿಯ ಮೇಲೆ ರಸ ಹೀರುವ ಕಪ್ಪು ಸಸ್ಯಹೇನು ಸಾಕುವುದು. ಹತ್ತು ಪಂಜರ, ಹತ್ತು ಲೈನ್. ಒಂದೊಂದು ಲೈನೂ ಒಂದೇ ತಾಯಿಯ ಸಂತತಿ. ಗಂಡು ಬೇಕಿಲ್ಲ, ತಾಯಿಯೇ ಮರಿ ಹಾಕುತ್ತದೆ. ಹತ್ತು ದಿನಕ್ಕೊಮ್ಮೆ ಒಂದು ಮರಿಯನ್ನು ಬ್ರಷ್ಷಿನ ತುದಿಯಲ್ಲಿ ಎತ್ತಿ ಹೊಸ ಸಸಿಗೆ ಬಿಡಬೇಕು. ಲೈನ್ ಬೆರೆಯಬಾರದು.

ಮಾರ್ಚ್‌ನಲ್ಲಿ ಒಂದು ಭಾನುವಾರ ಕರೆಂಟ್ ಹೋಯಿತು. ಸೊರಗಿದ್ದ ಸಸಿಗೆ ಬೆಳಕಿರಲಿ ಎಂದು ನಾಲ್ಕನೇ ಪಂಜರವನ್ನು ಟೆರೇಸಿನ ಫೈಬರ್ ಶೀಟಿನ ಕೆಳಗಿಟ್ಟು ಮ್ಯಾಚ್ ನೋಡಲು ಹೋದೆ. ಸಂಜೆ ಬಂದಾಗ ಪಂಜರ ಕಾದಿತ್ತು, ಹೇನು ಬದುಕಿದ್ದವು. ಆದರೆ ಆಮೇಲೆ ಮರಿ ಹಾಕಲಿಲ್ಲ. ಹತ್ತು ದಿನ ಕಾದೆ. ಒಂದೂ ಇಲ್ಲ.

ಹೇರೋಹಳ್ಳಿಯ ನಮ್ಮ ಮನೆ ಓನರ್ ವೆಂಕಟಲಕ್ಷ್ಮಮ್ಮ ಮೊದಲಿನಿಂದಲೂ ನಗುತ್ತಿದ್ದರು. "ಹೇನು ಸಾಕಕ್ಕೆ ಸಂಬಳ ಕೊಡ್ತಾರಾ? ನಮ್ಮ ಚಪ್ಪರದವರೆ ಬಳ್ಳಿ ತುಂಬ ಅದೇ ಐತೆ, ಬಿಟ್ಟಿ ತಗೊಂಡೋಗೋ!"

ಆ ಚಪ್ಪರದಿಂದ ಒಂದನ್ನು ತೆಗೆದುಕೊಂಡು ಹೋಗಿ ನಾಲ್ಕನೇ ಪಂಜರಕ್ಕೆ ಬಿಟ್ಟೆ.

ಇವತ್ತು ಹತ್ತೂ ಲೈನಿಗೆ ಬಿಸಿ ಪರೀಕ್ಷೆ ಶುರು: ಬಿಸಿ ಕೊಟ್ಟ ಮೇಲೂ ಯಾವುದು ಮರಿ ಹಾಕುತ್ತದೆ ಎಂದು ನೋಡುವುದು.

ನವೆಂಬರ್ 12

ಒಂಬತ್ತು ಲೈನ್ ಸೋತವು. ನಾಲ್ಕನೆಯದು ಗೆದ್ದಿತು. ಇದು ನೀಲಾಂಬಿಕಾ ಮೇಡಂ ಅವರ ಪಿಎಚ್‌ಡಿ. ಅವರು ಕುಣಿಯುವುದೊಂದು ಬಾಕಿ.

"ಹೇನಿನ ಮೈಯೊಳಗೆ ಬ್ಯಾಕ್ಟೀರಿಯಾ ಇರತ್ತೆ ಕಣೋ ಫಕೀರೇಶ. ಕೋಟ್ಯಂತರ ವರ್ಷದಿಂದ, ತಾಯಿಯಿಂದ ಮರಿಗೆ. ಗಿಡದ ರಸದಲ್ಲಿ ಇಲ್ಲದ್ದನ್ನ ಅದು ಮಾಡ್ಕೊಡತ್ತೆ. ಒಳಗೇ ಇದ್ದೂ ಇದ್ದೂ ಹೊರಗೆ ಬದುಕೋಕೆ ಬೇಕಾದ ಜೀನ್‌ಗಳನ್ನೆಲ್ಲ ಕಳ್ಕೊಂಡಿದೆ. ಬಿಸಿ ಜಾಸ್ತಿಯಾದ್ರೆ ಮೊದಲು ಸಾಯೋದು ಅದೇ. ಆಮೇಲೆ ಹೇನು ಮರಿ ಹಾಕಲ್ಲ."

ಅಂದರೆ ಮಾರ್ಚ್‌ನಲ್ಲಿ ನಾನು ಬೇಯಿಸಿದ್ದು ಅದನ್ನು...

"ಆದ್ರೆ ನಾಲ್ಕನೇ ಲೈನಿನ ಬ್ಯಾಕ್ಟೀರಿಯಾ ಬಿಸಿ ತಡ್ಕೊಳ್ಳೋ ಹಾಗೆ ನಮ್ಮ ರೂಮಲ್ಲೇ ಬದಲಾಗಿದೆ. ವಿಕಾಸ ಕಣೋ, ನಮ್ಮ ಕಣ್ಣೆದುರಿಗೆ!"

ಅಲ್ಲ. ಅದು ಹೇರೋಹಳ್ಳಿಯ ಬಿಸಿಲು ಕುಡಿದ ಹೇನು. ಸಸಿಗಳಿಗೆ ನೀರು ಹಾಕಲು ಹೋದೆ.

ನವೆಂಬರ್ 14, ಬೆಳಿಗ್ಗೆ

ಮೇಡಂ ಸೋಮವಾರ ಇದರ ಪೇಪರ್ ಜರ್ನಲ್ಲಿಗೆ ಕಳಿಸುತ್ತಾರಂತೆ. ಇವತ್ತು ಹೇಳುತ್ತೇನೆ.

ಮಧ್ಯಾಹ್ನ

ಹೇಳಿದೆ. ಮೇಡಂ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು.

"ಎಂಟು ತಿಂಗಳು ನನ್ನ ಮುಖ ನೋಡ್ಕೊಂಡು ಇದ್ಯಲ್ಲೋ!"

"ಹೌದ್ರಿ."

"ಹೌದ್ರಿ ಅಂತೆ!"

ಮೇಡಂ ಅವರ ಗೈಡ್ ಏಕಾಂತಯ್ಯ ಸಾರ್ ಕೂಗಾಡಲಿಲ್ಲ. "ಕೀ ಕೊಡು. ನಾಳೆಯಿಂದ ಬರಬೇಡ." ಕೊಟ್ಟೆ.

ನವೆಂಬರ್ 17

ಗೇಟಿನ ಬಳಿ ನಿಂತಿದ್ದೆ. ಮೇಡಂ ಸ್ಕೂಟಿ ನಿಲ್ಲಿಸಿದರು.

"ಮತ್ಯಾಕೋ ಬಂದೆ?"

"ನಾಲ್ಕನೇ ಲೈನಿನ ಆ ಹಳೇ ತಾಯಿ ಸಂತತಿ ಬ್ಯಾರೆ ಎಲ್ಲ್ಯಾರ ಐತೇನ್ರಿ?"

"ಧಾರವಾಡದಲ್ಲಿ. ನನ್ನ ಫ್ರೆಂಡ್ ಶಿವರಂಜನಿ ಹತ್ರ."

"ನಾಲ್ಕನೇ ಪಂಜರಕ್ಕ ನಾ ತರ್ತೀನ್ರಿ."

"ಬಸ್ಸಲ್ಲಿ ಬಿಸಿಯಾದ್ರೆ? ನಿನ್ನ ಹೇಗೋ ನಂಬೋದು?"

"ನಂಬಬ್ಯಾಡ್ರಿ. ತಂದ ಮ್ಯಾಲೆ ಹತ್ತು ದಿನ ನೋಡ್ರಿ. ಮರಿ ಹಾಕಿದ್ರ ಸರಿ, ಇಲ್ಲಂದ್ರ ಮತ್ತ ಹೋಗಿ ತರ್ತೀನಿ."

ಸ್ಕೂಟಿ ಒಳಗೆ ಓಡಿಸಿಕೊಂಡು ಹೋದರು. ನಾಳೆಯೂ ನಿಲ್ಲುತ್ತೇನೆ.

ನವೆಂಬರ್ 20

ಮೂರು ದಿನ ನಿಂತೆ. ಇವತ್ತು ಸಂಜೆ ಮೇಡಂ ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಥರ್ಮಕೋಲ್ ಡಬ್ಬಿ, ಥರ್ಮಾಮೀಟರ್, ಶಿವರಂಜನಿಯವರಿಗೆ ಒಂದು ಪತ್ರ. ಸೀದಾ ಚಪ್ಪರದ ಕೆಳಗೆ ಹೋಗಿ ಎಲೆ ತಿರುಗಿಸಿ ನೋಡಿದರು.

ವೆಂಕಟಲಕ್ಷ್ಮಮ್ಮ ಹೊರಗೆ ಬಂದರು. "ಏನಮ್ಮಾ, ನಿಮಗೂ ಬೇಕಾ? ಬಿಟ್ಟಿ ಕೊಟ್ಟಿದ್ದೇ ತಪ್ಪಾಯ್ತು, ಊರೆಲ್ಲಾ ಬರ್ತಾವ್ರೆ!"

ಮೇಡಂ ನಕ್ಕುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು, ನಗುವಿರಲಿಲ್ಲ.

"ಕೆಲಸ ವಾಪಸ್ ಸಿಗತ್ತೆ ಅಂತ ನಾನು ಹೇಳಲ್ಲ. ಸಾರ್ ಒಪ್ಪಿಲ್ಲ."

"ಗೊತ್ರಿ."

"ಗಂಟೆಗೊಂದ್ಸಲ ಡಬ್ಬಿ ಒಳಗಿನ ಟೆಂಪರೇಚರ್ ಬರಿ. ಜಾಸ್ತಿಯಾದ್ರೆ ಅದನ್ನೂ ಬರಿ."

"ಬರೀತೀನ್ರಿ."

ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಧಾರವಾಡಕ್ಕೆ ಹೊರಡುತ್ತೇನೆ.