ಊಟದ ಕೋಣೆಯಲ್ಲಿ ನಗಬಾರದು

ಜುಲೈ ೧೪, ಸೋಮವಾರ

ನನ್ನ ಮುದ್ದು ಗೊರಕೆರಾಯನಿಗೆ,

ನಿನ್ನ ಹೆಂಡತಿಯ ಸಾವಿರ ಮುತ್ತುಗಳು. ಪತ್ರ ತಡವಾಯಿತು, ಕ್ಷಮಿಸು. ನಿನ್ನ ಎರಡು ಪತ್ರಗಳೂ ಬಂದವು. ಅವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಹತ್ತಿರ ಕಾಗದ ಹರಿಯತೊಡಗಿದೆ. ಲಿಫ್ಟು ರಿಪೇರಿ ಕಲಿಯಲು ಹೋದವನು ಇಷ್ಟು ಚೆನ್ನಾಗಿ ಪ್ರೇಮಪತ್ರ ಬರೆಯುವುದನ್ನು ಎಲ್ಲಿ ಕಲಿತೆ? ಮದುವೆಗೆ ಮುಂಚೆ ಯಾರಿಗೆ ಬರೆದು ಅಭ್ಯಾಸ ಮಾಡಿದ್ದೆ? ಬಂದ ಮೇಲೆ ವಿಚಾರಣೆ ಇದೆ!

ಅತ್ತೆ ಚೆನ್ನಾಗಿದ್ದಾರೆ. ಮಂಡಿನೋವು ಹಾಗೆಯೇ ಇದೆ, ಮಾತು ಅದಕ್ಕಿಂತ ಜೋರಾಗಿದೆ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ ಒಂದೊಂದು ‘ನೀನು’ವನ್ನೂ ‘ನೀವು’ ಎಂದು ತಿದ್ದಿಸದೆ ಬಿಡುವುದಿಲ್ಲ. ನಿನ್ನ ದಿಂಬಿನ ಮೇಲೆ ನಾನೇ ಮಲಗುತ್ತಿದ್ದೇನೆ. ನಿನ್ನ ನೀಲಿ ಅಂಗಿಯೂ ನನ್ನ ಹತ್ತಿರವೇ ಇದೆ, ಹುಡುಕಬೇಡ.

ಇದನ್ನೆಲ್ಲ ಬರೆಯುತ್ತಾ ಹೋದರೆ ಹೇಳಬೇಕಾದದ್ದನ್ನು ಹೇಳದೆಯೇ ಪತ್ರ ಮುಗಿಸಿಬಿಡುತ್ತೇನೆ. ಮೂರು ಸಲ ಇಂಗ್ಲಿಷಿನಲ್ಲಿ ಶುರುಮಾಡಿ ಹರಿದು ಹಾಕಿದೆ. ಶಾಲೆಯಲ್ಲಿ ಕಲಿತ ಆ ಭಾಷೆಯಲ್ಲಿ ನನಗೆ ಎಲ್ಲವೂ ಚಂದವಾಗಿ ಬಂದುಬಿಡುತ್ತದೆ, ಮಾಡಿದ ತಪ್ಪು ಕೂಡ. ಕನ್ನಡದಲ್ಲಿ ಬರೆಯುವಾಗ ನನಗೆ ಅಷ್ಟು ಜಾಣತನ ಇಲ್ಲ. ಒತ್ತಕ್ಷರ ತಪ್ಪಿದ್ದರೆ ಮನ್ನಿಸು, ಆದರೆ ಕೊನೆಯವರೆಗೂ ಓದು.

ನಾನು ನಿನಗೆ ಒಂದು ಸುಳ್ಳು ಹೇಳಿದ್ದೇನೆ. ಮಕ್ಕಳ ಮನೆಯಲ್ಲಿ ಆ ಹುಡುಗಿ ಗುಬ್ಬಿಯ ಗಂಟಲಿಗೆ ಅನ್ನ ಸಿಕ್ಕಿಕೊಂಡಾಗ ನಾನು ಅವಳನ್ನು ಬದುಕಿಸಿದೆ ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ನಿಜವಲ್ಲ.

ಮೊದಲಿನಿಂದ ಹೇಳುತ್ತೇನೆ. ನೀನು ಹೋದ ಮರುವಾರ ಅತ್ತೆಯೇ, “ಹೀಗೆ ಗೋಡೆ ಜೊತೆ ಮಾತಾಡ್ಕೊಂಡು ಕೂತ್ರೆ ಗೋಡೆಗೂ ತಲೆ ಕೆಟ್ಟೋಗುತ್ತೆ. ಎಲ್ಲಾದ್ರೂ ಹೋಗು, ನಾಲ್ಕು ಜನಕ್ಕೆ ಉಪಯೋಗ ಆಗು,” ಎಂದು ನನ್ನನ್ನು ಅಲ್ಲಿಗೆ ಕಳಿಸಿದ್ದು. ಬಸ್ ಡಿಪೋ ಹಿಂದಿನ ಹಳದಿ ಕಟ್ಟಡ. ಅಪ್ಪ ಅಮ್ಮ ಇಲ್ಲದ, ಕೈಕಾಲು ಸ್ವಾಧೀನವಿಲ್ಲದ, ಕಣ್ಣು ಕಾಣದ, ಮಾತು ಬಾರದ ಮಕ್ಕಳು. ಅವರಲ್ಲಿ ಹದಿಮೂರು ಮಂದಿಗೆ ತಾವಾಗಿ ಉಣ್ಣಲು ಬರುವುದಿಲ್ಲ. ಮಧ್ಯಾಹ್ನ ಅವರಿಗೆ ಉಣಿಸಲು ಹೊರಗಿನಿಂದ ನಾವು ನಾಲ್ಕು ಜನ ಹೋಗುತ್ತಿದ್ದೆವು.

ಉಣಿಸುವುದು ಎಂದರೆ ತುತ್ತು ಮಾಡಿ ಬಾಯಿಗಿಡುವುದು ಎಂದುಕೊಂಡಿದ್ದೆ. ಅಲ್ಲಿ ಅದು ಒಂದು ವಿದ್ಯೆ. ಮಗುವನ್ನು ಕುರ್ಚಿಯಲ್ಲಿ ನೇರ ಕೂರಿಸಿ ಪಟ್ಟಿ ಬಿಗಿಯಬೇಕು. ಗದ್ದ ಎದೆಯ ಕಡೆ ಸ್ವಲ್ಪ ಬಾಗಿರಬೇಕು. ನುಣ್ಣಗೆ ಕಿವುಚಿದ ಅನ್ನ ಅರ್ಧ ಚಮಚ, ಅದೂ ಬಾಯಿಯ ಪಕ್ಕದಿಂದ. ಆಮೇಲೆ ಗಂಟಲನ್ನೇ ನೋಡುತ್ತಾ ಕಾಯಬೇಕು. ಅದು ಒಮ್ಮೆ ಮೇಲೆ ಹೋಗಿ ಇಳಿದರೆ ಮಾತ್ರ ಮುಂದಿನ ಚಮಚ. ಒಂದು ಬಟ್ಟಲು ಮುಗಿಯಲು ಇಪ್ಪತ್ತು ನಿಮಿಷ.

ಇದನ್ನು ನಮಗೆ ಕಲಿಸಿದವರು ಅಲ್ಲಿನ ಆಯಾ. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆಯಲ್ಲಿದ್ದಾರೆ, ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಅವರ ದೊಡ್ಡ ನಿಯಮ ಒಂದೇ: ಊಟದ ಕೋಣೆಯಲ್ಲಿ ನಗಿಸಬಾರದು. ನಗುವಾಗ ಉಸಿರಿನ ದಾರಿ ತೆರೆದಿರುತ್ತದೆ, ಅನ್ನ ಅಲ್ಲಿಗೆ ಇಳಿಯುತ್ತದೆ. ಮೊದಲ ದಿನವೇ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, “ನೋಡಮ್ಮಾ ಮದುಮಗಳೇ, ನಿಮ್ಮ ಬಾಯಿ ನೋಡಿದ್ರೆ ನಂಗೆ ಭಯ. ಚಪ್ಪಲಿ ಜೊತೆ ನಗೂನೂ ಹೊರಗೇ ಬಿಟ್ಟು ಒಳಗೆ ಬನ್ನಿ,” ಎಂದಿದ್ದರು. “ಮಾತೂನಾ ದೊಡ್ಡಮ್ಮಾ?” ಎಂದೆ. “ಮಾತನ್ನ ಗೇಟ್ ಹತ್ರಾನೇ ಬಿಟ್ಬಿಡಿ,” ಎಂದರು.

ಗುಬ್ಬಿಗೆ ಎಂಟು ವರ್ಷ, ನೋಡಿದರೆ ನಾಲ್ಕು ಎನ್ನಬೇಕು. ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ, ಮೈಯೆಲ್ಲ ಸೆಟೆದುಕೊಂಡಿರುತ್ತದೆ. ಆದರೆ ನಕ್ಕರೆ ಕಾಲ್ಬೆರಳವರೆಗೆ ನಗುತ್ತಾಳೆ. ಆಟದ ಹೊತ್ತಿನಲ್ಲಿ ನಾನು ನಿನ್ನ ಗೊರಕೆಯ ನಕಲು ಮಾಡುತ್ತಿದ್ದೆ. ಮೊದಲು ಎತ್ತಿನ ಗಾಡಿ, ಆಮೇಲೆ ಸೀಟಿ, ಕೊನೆಗೆ ನೀನು ಬೆಚ್ಚಿಬಿದ್ದು “ಆಂ, ಯಾರದು?” ಎನ್ನುವುದು. ಅವಳಿಗೆ ಅದು ಎಷ್ಟು ಕೇಳಿದರೂ ಸಾಲದು. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ.

ಜೂನ್ ೨೬, ಗುರುವಾರ. ದೊಡ್ಡಮ್ಮ ಗುಬ್ಬಿಗೆ ಉಣಿಸುತ್ತಿದ್ದರು. ಪಕ್ಕದ ಮಗು ವಾಂತಿ ಮಾಡಿಕೊಂಡಿತು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, “ಎರಡೇ ನಿಮಿಷ, ನಿಧಾನ,” ಎಂದು ಆ ಕಡೆ ತಿರುಗಿದರು. ಗುಬ್ಬಿ ಅಂದು ಯಾಕೋ ಸಪ್ಪಗಿದ್ದಳು. ಚಮಚದ ಅನ್ನ ಅವಳ ಬಾಯಲ್ಲಿತ್ತು. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಎತ್ತಿನ ಗಾಡಿ ಶುರುಮಾಡಿದೆ.

ಅವಳು ನಕ್ಕಳು. ಆಮೇಲೆ ಸದ್ದೇ ಇಲ್ಲ. ಬಾಯಿ ನಗುವ ಹಾಗೆಯೇ ತೆರೆದಿತ್ತು, ತುಟಿಯ ಬಣ್ಣ ಮಾತ್ರ ಬದಲಾಗುತ್ತಿತ್ತು. ನನಗೆ ಕೈಕಾಲು ಆಡಲಿಲ್ಲ. ಕೂಗಲೂ ಇಲ್ಲ. ಆ ಮೌನ ಕೇಳಿಯೇ ದೊಡ್ಡಮ್ಮ ತಿರುಗಿದ್ದು. ಪಟ್ಟಿ ಬಿಚ್ಚಿ, ಅವಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಅಂಗೈಯಿಂದ ಗುದ್ದಿದರು. ನಾಲ್ಕನೆಯದಕ್ಕೋ ಐದನೆಯದಕ್ಕೋ ಅನ್ನ ಹೊರಗೆ ಬಂತು, ಅಳು ಬಂತು. ಆದರೆ ಸ್ವಲ್ಪ ಶ್ವಾಸಕೋಶಕ್ಕೆ ಇಳಿದಿತ್ತು. ಸಂಜೆಗೆ ಜ್ವರ, ಆಮೇಲೆ ಹನ್ನೊಂದು ದಿನ ಆಸ್ಪತ್ರೆ.

ಮೇಡಂ, ಅಂದರೆ ಆ ಮನೆಯ ಮುಖ್ಯಸ್ಥೆ, ಓಡಿಬಂದು, “ಯಾರು ಉಣಿಸ್ತಿದ್ರಿ?” ಎಂದು ಕೇಳಿದರು.

“ನಾನೇ ಮೇಡಂ,” ಎಂದರು ದೊಡ್ಡಮ್ಮ.

ನಾನು ಅವರ ಹಿಂದೆ ನಿಂತಿದ್ದೆ. ಬಟ್ಟಲು ನನ್ನ ಕೈಯಲ್ಲಿತ್ತು. ಬಾಯಿ ತೆರೆದರೆ ಸಾಕಿತ್ತು. ದಿನವಿಡೀ ವಟವಟ ಎನ್ನುವ ನನ್ನ ಬಾಯಿ ಆಗ ತೆರೆಯಲಿಲ್ಲ.

ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರನ್ನು ಹಿಡಿದು, “ಯಾಕೆ ಹಾಗಂದ್ರಿ?” ಎಂದು ಕೇಳಿದೆ. “ನೀವು ಅಂತ ಹೇಳಿದ್ರೆ ನಾಳೆಯಿಂದ ಹೊರಗಿನೋರು ಯಾರೂ ಬರೋ ಹಾಗಿಲ್ಲ ಅಂತಾರೆ. ಆಗ ಹದಿಮೂರು ಬಾಯಿಗೆ ನನ್ನ ಎರಡೇ ಕೈ. ನನಗೆ ಎರಡು ಮಾತು ಬಯ್ತಾರೆ, ಅಷ್ಟೇ. ಬಯ್ಸಿಕೊಂಡು ಅಭ್ಯಾಸ ಇದೆ, ಬಿಡಿ,” ಎಂದರು.

ಬಯ್ಯುವುದರಲ್ಲಿ ಮುಗಿಯಲಿಲ್ಲ. ಮರುದಿನ ದೊಡ್ಡಮ್ಮನನ್ನು ಊಟದ ಕೋಣೆಯಿಂದ ತೆಗೆದು ಬಟ್ಟೆ ಒಗೆಯಲು ಹಾಕಿದರು. ಹತ್ತೊಂಬತ್ತು ವರ್ಷದ ಕೈ ಅದು. ಅವರಿಲ್ಲದೆ ಎರಡು ಮಕ್ಕಳು ಬಾಯಿಯೇ ಬಿಡುತ್ತಿರಲಿಲ್ಲ.

ಆ ಗುರುವಾರ ಸಂಜೆಯೇ ನೀನು ಫೋನ್ ಮಾಡಿದ್ದು. ನನ್ನ ದನಿ ಸರಿಯಿರಲಿಲ್ಲ. ಏನಾಯಿತು ಎಂದು ನೀನು ಕೇಳಿದೆ. ನಾನು ಎಲ್ಲವನ್ನೂ ಹೇಳಿದೆ, ದೊಡ್ಡಮ್ಮನ ಜಾಗದಲ್ಲಿ ನನ್ನನ್ನು ಇಟ್ಟುಕೊಂಡು. ತೊಡೆ ನನ್ನದು, ಅಂಗೈ ನನ್ನದು. ಯಾಕೆ ಎಂದು ಕೇಳಬೇಡ. ನೀನು ಗಾಬರಿಯಾಗಿದ್ದೆ, ನಾನು ನಿನ್ನ ಕಣ್ಣಲ್ಲಿ ದೊಡ್ಡವಳಾಗಬೇಕಿತ್ತು, ಮದುವೆಯಾಗಿ ಇನ್ನೂ ಮೂರು ತಿಂಗಳು. ನೀನು, “ನೀನು ಇಂಥವಳು ಅಂತ ಗೊತ್ತಿರ್ಲಿಲ್ಲ ಕಣೇ,” ಎಂದೆ. ಮರುದಿನ ನಿನ್ನ ಜೊತೆಯವರಿಗೆಲ್ಲ ಹೇಳಿದೆಯಂತೆ, ಅವರು ಚಪ್ಪಾಳೆ ತಟ್ಟಿದರಂತೆ. ನಿನ್ನ ಎರಡನೆಯ ಪತ್ರದ ತುಂಬ ಅದೇ. ಅದನ್ನು ಓದಿದಾಗಲೆಲ್ಲ ಯಾರದೋ ಸೀರೆ ಉಟ್ಟು ಕನ್ನಡಿ ಮುಂದೆ ನಿಂತ ಹಾಗಾಗುತ್ತದೆ.

ಮೊನ್ನೆ ಶನಿವಾರ ಮೇಡಂ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇದನ್ನ ಹೇಳೋಕೆ ಹದಿನಾರು ದಿನ ಬೇಕಾಯ್ತಾ?” ಎಂದರು.

ದೊಡ್ಡಮ್ಮ ಊಟದ ಕೋಣೆಗೆ ವಾಪಸಾಗಿದ್ದಾರೆ. ಹೊರಗಿನವರು ಉಣಿಸುವುದನ್ನು ಮೇಡಂ ಪೂರ್ತಿ ನಿಲ್ಲಿಸಿದ್ದಾರೆ. ದೊಡ್ಡಮ್ಮ ಅಂದು ಹೇಳಿದ ಹಾಗೆಯೇ ಆಯಿತು. ಕೃತಜ್ಞತೆ ಹಾಗಿರಲಿ, ಅವರು ನನ್ನ ಮುಖ ಕೂಡ ನೋಡಲಿಲ್ಲ. “ನಿಮ್ಮ ಮನಸ್ಸು ಹಗುರ ಆಯ್ತು ಅಲ್ವಾ? ಒಳ್ಳೇದು. ಇವತ್ತು ಕೊನೇ ಮಗು ಉಂಡಾಗ ನಾಲ್ಕು ಗಂಟೆ,” ಎಂದು ಹೇಳಿ ಒಳಗೆ ಹೋದರು.

ನನ್ನನ್ನೂ ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಒಗೆಯುವ ಜಾಗ ಖಾಲಿಯಾಯಿತಲ್ಲ, ಅದನ್ನಾದರೂ ಕೊಡಿ ಎಂದು ಕೇಳಿಕೊಂಡೆ. ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು ಹೂಂ ಎಂದರು. ಇವತ್ತು ಬೆಳಿಗ್ಗೆ ಉಣ್ಣುವಾಗ ಮಕ್ಕಳ ಕೊರಳಿಗೆ ಕಟ್ಟುವ ಇಪ್ಪತ್ತಾರು ಬಟ್ಟೆ, ಹದಿನೆಂಟು ಹಾಸಿಗೆಬಟ್ಟೆ ಒಗೆದೆ. ಅತ್ತೆಗೂ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ, ಕೈಗೆ ಎಣ್ಣೆ ಹಚ್ಚಿ, “ಅವನಿಗೂ ಬರಿ, ನನ್ನ ಬಾಯಿಂದ ಕೇಳಿಸ್ಬೇಡ,” ಎಂದರು.

ಅದಕ್ಕೇ ಬರೆದೆ. ನಿನ್ನ ಜೊತೆಯವರಿಗೂ ನಿಜ ಹೇಳಿಬಿಡು. ಬೇಗ ಕ್ಷಮಿಸಬೇಡ. ನಾಲ್ಕು ದಿನ ಸಿಟ್ಟು ಮಾಡಿಕೋ, ಆಮೇಲೆ ಬಯ್ದಾದರೂ ಸರಿ, ಬರಿ. ಹೊತ್ತಿಗೆ ಸರಿಯಾಗಿ ಉಣ್ಣು. ಲಿಫ್ಟಿನ ಗುಂಡಿಗೆ ಇಳಿಯುವಾಗ ಬೆಲ್ಟ್ ಹಾಕಿಕೋ. ನೀನು ಎಲ್ಲಿದ್ದರೂ ಚೆನ್ನಾಗಿರಬೇಕು, ಅಷ್ಟೇ ನನ್ನ ಹಾರೈಕೆ.

ನೀನು ತಿಳಿದುಕೊಂಡಿದ್ದಕ್ಕಿಂತ ತುಂಬ ಚಿಕ್ಕವಳಾದ,
ನಿನ್ನ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಗುಬ್ಬಿ ಕಳೆದ ಸೋಮವಾರವೇ ಆಸ್ಪತ್ರೆಯಿಂದ ಬಂದಿದ್ದಾಳೆ. ಜ್ವರ ಇಲ್ಲ. ಆದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದ್ದಾರೆ, ಇನ್ನು ಅದರಲ್ಲೇ ಆಹಾರ. ಬಾಯಿಂದ ಯಾವಾಗ ಎಂದು ಕೇಳಿದರೆ ಡಾಕ್ಟರು ಇಲ್ಲ ಎನ್ನುವ ಹಾಗೆ ತಲೆಯಾಡಿಸಿದರಂತೆ. ಅವಳಿಗೆ ಅದನ್ನು ಯಾರು ತಿಳಿಸಬೇಕು, ಹೇಗೆ ತಿಳಿಸಬೇಕು? ಇವತ್ತು ಮಧ್ಯಾಹ್ನ ಬಟ್ಟೆ ಹರವುತ್ತಾ ಊಟದ ಕೋಣೆಯ ಕಿಟಕಿಯಿಂದ ನೋಡಿದೆ. ಒಳಗೆ ಬಟ್ಟಲುಗಳ ಸದ್ದು ಶುರುವಾಯಿತು. ಗುಬ್ಬಿ ತಾನಾಗಿಯೇ ಗದ್ದ ಬಾಗಿಸಿ, ಬಾಯಿ ತೆರೆದು, ಉಳಿದವರೆಲ್ಲ ಉಂಡು ಮುಗಿಸುವವರೆಗೂ ಹಾಗೆಯೇ ಕಾದಳು.