ಬೇವಿನ ಗಿಡದ ಕಟ್ಟಿ ಮ್ಯಾಲ ಮಲಗಬ್ಯಾಡ್ರಿ

ಸ್ನೇಹಲ್‌ನ ಪಪ್ಪಾ,

ಫ್ಯಾಕ್ಟರಿಯಿಂದ ಬಂದು ಇವತ್ತ ಬೇವಿನ ಗಿಡದ ಕಟ್ಟಿ ಮ್ಯಾಲ ಮಲಗಬ್ಯಾಡ್ರಿ. ಒಳಗ ಹಾಸಿಗಿ ಹಾಸೀನಿ. ಎಮ್ಮಿ ಹಿತ್ತಲದಾಗ ಕಟ್ಟೀನಿ, ಅಲ್ಲೇ ಇರ್ಲಿ.

ಮುಂಜಾನೆ ಕಟ್ಟಿ ಸಂದಿಯಿಂದ ಇರುವಿ ತತ್ತಿ ಹೊತ್ಕೊಂಡು ಹೊರಗ ಬರಾಕತ್ತಿದ್ವು. ಗಿಡದ ಬೊಡ್ಡಿಗೆ ಕಲ್ಲಿಲೆ ಬಡದ್ರ ಖಾಲಿ ಕೊಡದಂಗ ಸಪ್ಪಳ ಬಂತು. ಕಟ್ಟಿದು ಎರಡು ಕಲ್ಲು ಕಿತ್ತು ಕಬ್ಬಿಣದ ಹಾರಿಲೆ ಬೊಡ್ಡಿಗೆ ಚುಚ್ಚಿ ನೋಡ್ದೆ, ಒಂದು ಮೊಳ ಸುಮ್ನ ಒಳಗ ಹೋತು. ಗಿಡ ಗಟ್ಟಿ ನಿಲ್ಲಲಿ ಅಂತ ನೀವು ಬೊಡ್ಡಿಗೆ ಮಣ್ಣು ಏರಿಸಿ ಸಿಮೆಂಟ್ ಹಾಕಿದ್ರಿ, ಬೊಡ್ಡಿ ಅದರೊಳಗೇ ಕೊಳತು ಪುಡಿ ಆಗ್ಯದ. ಬ್ಯಾಡ ಅಂದಿದ್ದೆ.

ಗಿಡ ಕಡಿಯೋರನ್ನ ಕರಿಯಾಕ ಹುಮನಾಬಾದಕ್ಕ ಹೊಂಟೀನಿ. ನೀವು ಮತ್ತ ಬಡದು ನೋಡಾಕ ಹೋಗಬ್ಯಾಡ್ರಿ, ಗಾಳಿ ಎದ್ದದ.

ಆ ಗಿಡಕ್ಕ ಕಟ್ಟಿದ್ದ ಸ್ನೇಹಲ್‌ನ ಜೋಕಾಲಿ ಹಗ್ಗ ಕೊಯ್ದೀನಿ. ಸಾಲಿಯಿಂದ ಬಂದು ಅತ್ರ ಅಳಲಿ, ಕಟ್ಟಿಕೊಡಬ್ಯಾಡ್ರಿ. ನಿನ್ನೆ ಹೊತ್ತು ಮುಳಗೂತನ ಆಕೀನ ಅದರಾಗ ನಾನೇ ತೂಗೀನಿ.

ಸರಿತಾ